ಕಂಬಿ ಎಣಿಸಿದ ಬೇಸಿಗೆ

ನಮ್ಮ ಕಡೆ ಕಂಬಿ ಎಣಿಸುವುದೆಂದರೆ ಜೈಲು ಸೇರುವುದು. 1992ರ ಬೇಸಿಗೆಯಲ್ಲಿ ನಾನು ದಿನಾ ಬೆಳಿಗ್ಗೆ ಆರೂಕಾಲಿಗೆ ಮೈಸೂರಿನ ಈಜುಕೊಳವೊಂದರ ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಕಂಬಿ ಎಣಿಸುತ್ತಿದ್ದೆ. ಆಳದ ಕಡೆ ಒಂಬತ್ತು ಅಡಿ ನೀರಿನ ತಳದಲ್ಲಿ ಒಂದು ಚೌಕನೆಯ ಹಿತ್ತಾಳೆ ಜಾಲರಿ. ಅದಕ್ಕೆ ಹದಿನಾಲ್ಕು ಕಂಬಿ. ಹದಿನಾಲ್ಕೂ ಬಿಡಿಬಿಡಿಯಾಗಿ ಕಂಡರೆ ಮೇಸ್ತ್ರಿ ಸೊಂಟದ ಉಡಿದಾರಕ್ಕೆ ಕಟ್ಟಿದ್ದ ಬೀಗದ ಕೈ ಬಿಚ್ಚಿ ಗೇಟು ತೆಗೆಯುತ್ತಿದ್ದರು. ಕಾಣದಿದ್ದರೆ ಗೇಟಿನಾಚೆ ಯಾರು ನಿಂತು ಕೂಗಿದರೂ ಅಷ್ಟೇ.

“ನೆಟ್ಟಗೆ ಎಣಿಸು ಬಿಎಸ್ಸಿ. ಇಲ್ಲಿ ಕಂಬಿ ಎಣಿಸ್ನಿಲ್ಲ ಅಂದ್ರೆ ನಾಳೆ ಅಲ್ಲಿ ಎಣಿಸ್ಬೇಕಾಯ್ತದೆ” ಎನ್ನುವುದು ಅವರ ದಿನನಿತ್ಯದ ಸುಪ್ರಭಾತ.

ಬಿಎಸ್ಸಿ ಎಂದರೆ ನಾನು. ಎರಡನೇ ವರ್ಷದ ಪರೀಕ್ಷೆ ಮುಗಿದಿತ್ತು, ಮನೆಯಲ್ಲಿ ದುಡ್ಡಿನ ತಾಪತ್ರಯವಿತ್ತು. ಅಪ್ಪನಿಗೆ ಗೊತ್ತಿದ್ದವರೊಬ್ಬರು “ಹುಡುಗ ಕೆಮಿಸ್ಟ್ರಿ ಓದ್ತಾನಲ್ಲ, ಕೊಳದ ನೀರು ನೋಡ್ಕೊಳ್ಳಲಿ” ಎಂದು ಸೇರಿಸಿದರು. ತಿಂಗಳಿಗೆ ಮುನ್ನೂರು ರೂಪಾಯಿ, ಬೆಳಿಗ್ಗೆ ಒಂದು ಕಾಫಿ. ಕೊಳದ ಹೆಸರು ಇಲ್ಲಿ ಹೇಳುವುದಿಲ್ಲ. ಮುಂದೆ ಬರುವ ಒಂದೆರಡು ಮಾತು ಅದರ ಆಡಳಿತ ನಡೆಸಿದವರಿಗೆ ಹಿಡಿಸಲಾರದು.

ಮೇಸ್ತ್ರಿಗೆ ಆಗಲೇ ಐವತ್ತೈದು ದಾಟಿತ್ತು. ನಂಜನಗೂಡಿನ ಹತ್ತಿರದ ಹಳ್ಳಿಯವರು. ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಕಪಿಲೆಯಲ್ಲಿ ಈಜು ಕಲಿತವರು. ಖಾಕಿ ಚಡ್ಡಿ, ತೂತು ಬಿದ್ದ ಬನಿಯನ್ನು, ಕಿವಿಯ ಮೇಲೆ ಒಂದು ಬೀಡಿ. ಬ್ಲೀಚಿಂಗ್ ಪೌಡರ್ ಹಿಡಿದು ಹಿಡಿದು ಅವರ ಬೆರಳ ತುದಿಗಳು ಬಿರಿದು ಬಿಳಿಚಿಕೊಂಡಿದ್ದವು. ಮೊದಲ ದಿನ ಅವರು ಹೇಳಿದ್ದು ಇಷ್ಟು: “ಹೊಳೆ ತನ್ನ ಕೊಳೆ ತಾನೇ ತೊಳ್ಕತದೆ. ಇದು ಹೊಳೆಯಲ್ಲ ಕಣಪ್ಪ, ಹಂಡೆ. ಇನ್ನೂರು ಜನ ಒಂದೇ ಹಂಡೇಲಿ ಸ್ನಾನ ಮಾಡ್ತಾವ್ರೆ ಅನ್ಕೋ. ಆ ಹಂಡೆಗೆ ನಾನೂ ನೀನೂ ಕಾವಲು.”

ಹಂಡೆ ದೊಡ್ಡದೇ. ಉದ್ದ 25 ಮೀಟರ್, ಅಗಲ 12, ಆಳ ಮೂರು ಅಡಿಯಿಂದ ಒಂಬತ್ತಕ್ಕೆ ಇಳಿಜಾರು. ಮೊದಲ ಸಂಜೆಯೇ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದೆ: ಹತ್ತಿರ ಹತ್ತಿರ 5,40,000 ಲೀಟರ್ ನೀರು. ಅದರಲ್ಲಿ 1 ಪಿಪಿಎಂ, ಎಂದರೆ ಹತ್ತು ಲಕ್ಷಕ್ಕೆ ಒಂದು ಭಾಗ ಕ್ಲೋರಿನ್ ಇರಬೇಕಾದರೆ 540 ಗ್ರಾಂ ಶುದ್ಧ ಕ್ಲೋರಿನ್ ಬೇಕು. ಒಳ್ಳೆಯ ಬ್ಲೀಚಿಂಗ್ ಪೌಡರಿನಲ್ಲಿ ಕ್ಲೋರಿನ್ ಮೂರನೇ ಒಂದು ಪಾಲು, ಹಾಗಾಗಿ ಸುಮಾರು ಒಂದೂವರೆ ಕಿಲೋದ ಮೇಲೆ ಸ್ವಲ್ಪ. ಮೇಸ್ತ್ರಿಯ ಅಳತೆ ಡಾಲ್ಡಾ ಡಬ್ಬ. ಅವರು ಸುರಿದದ್ದನ್ನು ತೂಗಿದರೆ ನನ್ನ ಲೆಕ್ಕದ ಎರಡರಷ್ಟಿತ್ತು. ಲೆಕ್ಕ ತಪ್ಪಿದೆ ಎಂದು ಹೆಮ್ಮೆಯಿಂದಲೇ ಹೇಳಿದೆ. ಅವರು ಮೂಟೆ ತೋರಿಸಿದರು. “ಇದರ ಬಾಯಿ ಬಿಚ್ಚಿ ಎಷ್ಟು ದಿನ ಆಯ್ತು? ಅದು ನಿನ್ ಪುಸ್ತಕದಲ್ಲಿ ಐತಾ?” ಬಾಯಿ ಬಿಚ್ಚಿದ ಮೂಟೆಯಲ್ಲಿ ತೇವ ಹೊಕ್ಕು ಪುಡಿಯ ಸತ್ವ ದಿನದಿನಕ್ಕೂ ಇಳಿಯುತ್ತದೆಂದು ನನಗೂ ಗೊತ್ತಿತ್ತು. ಲೆಕ್ಕಕ್ಕೆ ಕೂತಾಗ ಮಾತ್ರ ಮರೆತಿದ್ದೆ.

ಪುಡಿಯನ್ನು ನೇರ ಕೊಳಕ್ಕೆ ಎರಚುವ ಹಾಗಿಲ್ಲ. ಮೊದಲು ಬಕೆಟ್ಟಿಗೆ ನೀರು, ಆಮೇಲೆ ಪುಡಿ, ಬಿದಿರು ಗಣೆಯಿಂದ ಕದಡಿ ಅರ್ಧ ಗಂಟೆ ಬಿಡುವುದು. ಸುಣ್ಣ ಅಡಿಗೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ದಂಡೆಯ ಸುತ್ತ ನಡೆಯುತ್ತಾ ಮಗ್ಗಿನಲ್ಲಿ ಹಾಕಬೇಕು. ಅದೂ ಸೂರ್ಯ ಮುಳುಗಿದ ಮೇಲೆ. ಹಗಲಲ್ಲಿ ಹಾಕಿದರೆ ಬಿಸಿಲೇ ಕ್ಲೋರಿನ್ನನ್ನು ತಿಂದುಹಾಕುತ್ತದೆ. ತಡೆಯುವ ಬೇರೆ ರಾಸಾಯನಿಕ ನೀರಿನಲ್ಲಿ ಇಲ್ಲದಿದ್ದರೆ ಒಂದು ಗಂಟೆಯೊಳಗೆ ಅರ್ಧ ಮಾಯ. ಅಡಿಯಲ್ಲಿ ಉಳಿದ ಸುಣ್ಣದ ಗಸಿಯನ್ನು ಮೇಸ್ತ್ರಿ ಎಸೆಯುತ್ತಿರಲಿಲ್ಲ, ಕಾಂಪೌಂಡಿನ ತೆಂಗಿನ ಮರಗಳ ಬುಡಕ್ಕೆ ಬಳಿಯುತ್ತಿದ್ದರು. ಆ ಸಾಲುಮರಗಳಿಗೆಲ್ಲ ಬಿಳಿಯ ಕಾಲುಚೀಲ.

ಬೆಳಗಿನ ಪರೀಕ್ಷೆಗೆ ಎರಡು ಗಾಜಿನ ಕೊಳವೆ. ಒಂದಕ್ಕೆ ಆರ್ಥೋಟಾಲಿಡಿನ್ ಐದು ಹನಿ ಬಿಟ್ಟರೆ ನೀರು ಹಳದಿಯಾಗುತ್ತದೆ, ಕ್ಲೋರಿನ್ ಹೆಚ್ಚಿದ್ದಷ್ಟೂ ಗಾಢ. ಇನ್ನೊಂದಕ್ಕೆ ಫಿನಾಲ್ ರೆಡ್ ಬಿಟ್ಟರೆ ಪಿಎಚ್ ಗೊತ್ತಾಗುತ್ತದೆ. ಹೋಲಿಸಿ ನೋಡುವ ಬಣ್ಣದ ಪಟ್ಟಿ ಬಿಸಿಲಿಗೆ ಎಂದೋ ಮಾಸಿಹೋಗಿತ್ತು. ಮೇಸ್ತ್ರಿಗೆ ಅಡುಗೆಮನೆಯ ಪಟ್ಟಿ ಸಾಕಿತ್ತು. ಕ್ಲೋರಿನ್ನು ನಿಂಬೆ ಪಾನಕದ ಬಣ್ಣದಲ್ಲಿದ್ದರೆ ಸರಿ, ಅರಿಶಿನದ ನೀರಾದರೆ ಜಾಸ್ತಿ. ಪಿಎಚ್ಚು ಟೊಮೆಟೊ ಸಾರಿನ ಬಣ್ಣ ಇರಬೇಕು, ಬೀಟ್‌ರೂಟಾಗಬಾರದು. ಬೀಟ್‌ರೂಟಾದರೆ ಏನು ನಷ್ಟ ಎಂದು ಅವರಿಗೆ ನಾನು ಹೇಳಿಕೊಟ್ಟೆ. ನಾನು ಅವರಿಗೆ ಕಲಿಸಿದ್ದು ಅದೊಂದೇ ಇರಬೇಕು. ಪಿಎಚ್ 7.5ರ ಹತ್ತಿರ ಇದ್ದಾಗ ಹಾಕಿದ ಕ್ಲೋರಿನ್ನಿನಲ್ಲಿ ಅರ್ಧದಷ್ಟು ಕ್ರಿಮಿ ಕೊಲ್ಲುವ ರೂಪದಲ್ಲಿರುತ್ತದೆ. 8ಕ್ಕೆ ಏರಿತೆಂದರೆ ಕಾಲುಭಾಗದಷ್ಟೇ. ನಮ್ಮದು ಬೋರ್‌ವೆಲ್ಲಿನ ಗಡಸು ನೀರು, ಹಾಕುವುದು ಸುಣ್ಣ ಬೆರೆತ ಪುಡಿ. ಎರಡೂ ಸೇರಿ ಪಿಎಚ್ಚನ್ನು ಮೇಲಕ್ಕೇ ಎಳೆಯುತ್ತಿದ್ದವು. “ಅಂದ್ರೆ ನಾಲ್ಕು ಡಬ್ಬ ಹಾಕಿ ಒಂದು ಡಬ್ಬದ ಕೆಲಸ” ಎಂದರು ಮೇಸ್ತ್ರಿ. ಅಷ್ಟು ಚೆನ್ನಾಗಿ ನಮ್ಮ ಲೆಕ್ಚರರೂ ಹೇಳಿರಲಿಲ್ಲ.

ಭಾನುವಾರ ನಮಗೆ ಯುದ್ಧದ ದಿನ. ಮೈಸೂರಿನ ಮನೆಗಳಲ್ಲಿ ಆ ದಿನ ಮಕ್ಕಳ ತಲೆಗೆ ಎಣ್ಣೆ. ಎಣ್ಣೆ ಹಚ್ಚಿಸಿಕೊಂಡ ತಲೆಗಳು ಸೀದಾ ಕೊಳಕ್ಕೆ ಬರುತ್ತಿದ್ದವು, ಸೀಗೆಕಾಯಿ ಆಮೇಲಂತೆ. ಗೇಟಿನ ಪಕ್ಕದ ಷವರಿನ ಕೆಳಗೆ ನಿಂತು ಮೈ ತೊಳೆದುಕೊಂಡು ಬನ್ನಿ ಎಂದರೆ ತಾಯಂದಿರಿಗೆ ಅವಮಾನ. “ನಮ್ಮ ಮಗು ಮನೇಲೇ ಸ್ನಾನ ಮಾಡ್ಕೊಂಡು ಬಂದಿದೆ.” ಸಂಜೆಯ ಹೊತ್ತಿಗೆ ನೀರಿನ ಮಟ್ಟದಲ್ಲಿ ಟೈಲ್ಸಿನ ಸುತ್ತ ಜಿಡ್ಡಿನ ಕಂದು ಗೆರೆ. ಸೋಡಾ ಪುಡಿ, ತೆಂಗಿನ ನಾರು ಹಿಡಿದು ಎಪ್ಪತ್ತನಾಲ್ಕು ಮೀಟರ್ ಸುತ್ತಳತೆ ಉಜ್ಜುವುದು ನನ್ನ ಪಾಲು. ಆ ಜಿಡ್ಡು ಮರಳಿನ ಫಿಲ್ಟರಿಗೂ ಹೋಗಿ ಕೂರುತ್ತಿತ್ತು. ಫಿಲ್ಟರಿನ ಮೇಲಿನ ಮೀಟರಿನ ಮುಳ್ಳು 12ರಿಂದ 20ಕ್ಕೆ ಏರಿದರೆ ನೀರನ್ನು ಉಲ್ಟಾ ಹರಿಸಿ ಮರಳು ತೊಳೆಯಬೇಕು. ಬ್ಯಾಕ್‌ವಾಷ್ ಎನ್ನುವುದು ಮೇಸ್ತ್ರಿಯ ಬಾಯಲ್ಲಿ ‘ಬಾಕ್ವಾಸು’. ಹೊರಬರುವ ನೀರಿನ ಬಣ್ಣ ನೋಡಿದವರು ಮತ್ತೆ ಆ ಕೊಳದಲ್ಲಿ ಬಾಯಿ ತೆರೆಯುವುದಿಲ್ಲ.

ಭಾನುವಾರದ ಸಂಜೆಗೇ ವಾಸನೆ. ಕಣ್ಣು ಕೆಂಪಾದ ಮಕ್ಕಳನ್ನು ಕರೆದುಕೊಂಡು ಹೋಗುತ್ತಾ ದೊಡ್ಡವರು ಮೂಗು ಮುಚ್ಚಿ “ಎಷ್ಟು ಕ್ಲೋರಿನ್ ಹಾಕ್ತಾರೋ ಮಾರಾಯರು” ಎನ್ನುತ್ತಿದ್ದರು. ಕೆಲವರು “ನೀರು ಶುದ್ಧ ಇದೆ ಬಿಡಿ, ವಾಸನೆ ಹೊಡೀತಿದೆ” ಎಂದು ಸಮಾಧಾನ ಪಟ್ಟುಕೊಳ್ಳುತ್ತಿದ್ದರು. ಇಬ್ಬರದೂ ತಪ್ಪು. ಬೆವರು, ಮೂತ್ರದಲ್ಲಿರುವ ಸಾರಜನಕದ ಅಂಶಗಳ ಜೊತೆ ಕ್ಲೋರಿನ್ ಕೂಡಿಕೊಂಡಾಗ ಕ್ಲೋರಮೈನುಗಳಾಗುತ್ತವೆ. ಮೂಗಿಗೆ ಹೊಡೆಯುವುದು, ಕಣ್ಣು ಉರಿಸುವುದು ಅವೇ. ಸರಿಯಾಗಿರುವ ಕೊಳದ ನೀರು ಅಷ್ಟಾಗಿ ನಾರುವುದೇ ಇಲ್ಲ. ಮೇಸ್ತ್ರಿ ಇದನ್ನು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು: “ಅದು ಪೌಡರ್ ನಾತ ಅಲ್ಲ, ಉಚ್ಚೆ ನಾತ.” ಒಮ್ಮೆ ಸೆಕ್ರೆಟರಿಯವರು ದೂರು ಬಂದಿದೆಯೆಂದು ಪೌಡರ್ ಅರ್ಧಕ್ಕೆ ಇಳಿಸಲು ಹೇಳಿದರು. ಮೇಸ್ತ್ರಿ “ಆಯ್ತು ಸಾರ್” ಎಂದು ತಲೆಯಾಡಿಸಿ ಆ ರಾತ್ರಿ ಮೂರರಷ್ಟು ಹಾಕಿದರು. ಬೆಳಿಗ್ಗೆಗೆ ವಾಸನೆ ಸತ್ತಿತ್ತು. “ಕಮ್ಮಿ ಮಾಡಿದ್ದು ಸರಿಹೋಯ್ತು ನೋಡಿ” ಎಂದು ಸೆಕ್ರೆಟರಿಯವರು ಬೀಗಿದರು. ಕೂಡಿಕೊಂಡ ಕ್ಲೋರಿನ್ನನ್ನು ಒಡೆಯಲು ಅದರ ಹತ್ತರಷ್ಟು ಹೊಸ ಕ್ಲೋರಿನ್ ಬೇಕೆಂಬ ನಿಯಮವನ್ನು ನಾನು ಓದಿದ್ದು ಆಮೇಲೆ.

ಓದಿದ್ದರ ಕತೆ ಇನ್ನೊಂದಿದೆ. ಅದನ್ನು ಹೇಳಲು ಈಗಲೂ ನಾಚಿಕೆ.

ಟೈಲ್ಸಿನ ಮೇಲೆ ಗಡಸು ನೀರಿನ ಸುಣ್ಣ ಕಟ್ಟುತ್ತಿತ್ತು. ಅದನ್ನು ತೆಗೆಯಲು ಆಸಿಡ್. ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಮೇಸ್ತ್ರಿ ಊಟಕ್ಕೆ ಹೋಗಿದ್ದರು. ಪಂಪ್‌ಹೌಸು ನೆಲಮಟ್ಟಕ್ಕಿಂತ ಕೆಳಗೆ, ಏಳು ಮೆಟ್ಟಿಲಿಳಿದು ಹೋಗುವ ಕಿಷ್ಕಿಂಧೆ. ಕೈಗೆ ಸಿಕ್ಕ ಬಕೆಟ್ಟಿಗೆ ಆಸಿಡ್ ಬಗ್ಗಿಸಿದೆ. ಹಿಂದಿನ ಸಂಜೆ ಬ್ಲೀಚಿಂಗ್ ಕದಡಿದ್ದ ಬಕೆಟ್ಟು ಅದು. ತಳದಲ್ಲಿ ಎರಡು ಬೆರಳು ಗಸಿ ಹಾಗೇ ಇತ್ತು. ಬುಸ್ಸೆಂದು ನೊರೆ ಎದ್ದಿತು, ಅದರ ಮೇಲೆ ಹಸಿರು ಮಿಶ್ರಿತ ಹಳದಿ ಹೊಗೆ. ಬ್ಲೀಚಿಂಗ್ ಪೌಡರಿಗೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ ಎನ್ನುವ ಸಮೀಕರಣವನ್ನು ನಾನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದು ಬಂದು ತಿಂಗಳೂ ಆಗಿರಲಿಲ್ಲ. ಎದೆಗೆ ಯಾರೋ ಕಾದ ಸಲಾಕೆ ಇಟ್ಟ ಹಾಗಾಯಿತು. ಕೆಮ್ಮುತ್ತಾ ಕುಸಿದು ಕೂತೆ. ಕ್ಲೋರಿನ್ ಗಾಳಿಗಿಂತ ಭಾರ, ತಗ್ಗಿನಲ್ಲೇ ತುಂಬಿಕೊಳ್ಳುತ್ತದೆ. ಕೂರುವುದೆಂದರೆ ಅದರೊಳಗೇ ಮುಳುಗುವುದು. ಅದೂ ಗೊತ್ತಿತ್ತು. ಊಟ ಬಿಟ್ಟು ಓಡಿ ಬಂದ ಮೇಸ್ತ್ರಿ ಒದ್ದೆ ಟವೆಲ್ಲು ಮೂಗಿಗೆ ಕಟ್ಟಿಕೊಂಡು ನನ್ನ ರಟ್ಟೆ ಹಿಡಿದು ಮೆಟ್ಟಿಲ ಮೇಲಕ್ಕೆ ಎಳೆದರು. ಅವರು ಮಾಡಿದ್ದೂ ಮಾಡಬಾರದ ಸಾಹಸವೇ, ಒದ್ದೆ ಟವೆಲ್ಲು ಅದಕ್ಕೆ ಸಾಲದು. ಒಂದು ರಾತ್ರಿ ಆಸ್ಪತ್ರೆಯಲ್ಲಿ ಆಕ್ಸಿಜನ್ ಇಟ್ಟರು. ಒಂದು ವಾರ ದನಿ ಇರಲಿಲ್ಲ.

ವಾಪಸು ಹೋದಾಗ ಪಂಪ್‌ಹೌಸಿನಲ್ಲಿ ಆಸಿಡ್ಡಿನ ಕ್ಯಾನು ಇರಲಿಲ್ಲ. ಅದು ಕಾಂಪೌಂಡಿನ ಇನ್ನೊಂದು ಮೂಲೆಯ ಶೆಡ್ಡಿಗೆ ಹೋಗಿತ್ತು. ಬ್ಲೀಚಿಂಗಿಗೆ ನೀಲಿ ಬಕೆಟ್ಟು, ನೀಲಿ ಮಗ್ಗು, ಆಸಿಡ್ಡಿಗೆ ಕೆಂಪು. ಮೇಸ್ತ್ರಿಗೆ ಓದು ಬರುತ್ತಿರಲಿಲ್ಲ, ಬಣ್ಣ ಬರುತ್ತಿತ್ತು. ನನ್ನನ್ನು ಬಯ್ಯಲಿಲ್ಲ. “ನಂದೂ ತಪ್ಪದೆ, ಬಕೀಟು ತೊಳೆದಿಡ್ಬೇಕಾಗಿತ್ತು” ಎಂದರು. ಇವತ್ತಿಗೂ ನಮ್ಮ ಮನೆಯ ಬಚ್ಚಲಲ್ಲಿ ಟಾಯ್ಲೆಟ್ ತೊಳೆಯುವ ಆಸಿಡ್ ಒಂದು ಕಡೆ, ಬ್ಲೀಚ್ ಇನ್ನೊಂದು ಕಡೆ.

ಮೇ ತಿಂಗಳ ಎರಡನೇ ವಾರ ಆಲಿಕಲ್ಲು ಮಳೆ ಬಂತು. ರಾತ್ರಿಯಿಡೀ ಗುಲ್‌ಮೊಹರಿನ ಎಲೆ, ಹೂವು, ಕಾಂಪೌಂಡಿನ ಕೆಮ್ಮಣ್ಣು ಎಲ್ಲ ಕೊಳದೊಳಕ್ಕೆ. ಬೆಳಿಗ್ಗೆ ಜಾಲರಿಯೂ ಕಾಣಲಿಲ್ಲ, ಕಂಬಿಯ ಮಾತು ಬಿಡಿ. ಪಟಿಕ ಕರಗಿಸಿ ಹಾಕಿ, ಪಂಪು ನಿಲ್ಲಿಸಿ, ಮಣ್ಣು ಗಂಟುಕಟ್ಟಿ ತಳ ಸೇರಲು ಒಂದು ಹಗಲು ಒಂದು ರಾತ್ರಿ ಬೇಕು. ಆಮೇಲೆ ಅದನ್ನು ಕದಡದೆ ಹೀರಿ ಹೊರಹಾಕಬೇಕು. ಅವತ್ತೇ ಬೇಸಿಗೆ ಶಿಬಿರದ ಮಕ್ಕಳ ಪ್ರದರ್ಶನವಿತ್ತು, ಅತಿಥಿಗಳನ್ನು ಕರೆದಾಗಿತ್ತು. “ನೀರು ಕೊಂಚ ಮಬ್ಬಿದೆ ಅಷ್ಟೇ, ವಿಷ ಅಲ್ವಲ್ಲ. ಗೇಟು ತೆಗಿ” ಎಂದರು ಸೆಕ್ರೆಟರಿ. “ವಿಷ ಅಲ್ಲ ಸಾರ್. ಒಂದು ಮಗ ಮುಳುಗಿದ್ರೆ ಕಾಣಾಕಿಲ್ಲ” ಎಂದರು ಮೇಸ್ತ್ರಿ. ಕೆಲಸ ತೆಗೆಯುವ ಮಾತೂ ಬಂತು. ಮೇಸ್ತ್ರಿ ಬೀಗದ ಕೈಯನ್ನು ಉಡಿದಾರದಲ್ಲೇ ಬಿಟ್ಟು ಹೋಗಿ ತೆಂಗಿನ ಮರದ ಬುಡದಲ್ಲಿ ಬೀಡಿ ಹಚ್ಚಿ ಕೂತರು. ಪ್ರದರ್ಶನ ಎರಡು ದಿನ ಮುಂದಕ್ಕೆ ಹೋಯಿತು. ಆ ತಿಂಗಳು ಅವರ ಸಂಬಳದಲ್ಲಿ ಎರಡು ದಿನದ್ದು ಕಡಿತವಾಗಿತ್ತೆಂದು ನನಗೆ ಗೊತ್ತಾದದ್ದು ಅವರಿಂದಲ್ಲ, ಲೆಕ್ಕದ ಗುಮಾಸ್ತರಿಂದ.

ತಿಳಿ ನೀರಿನಲ್ಲೂ ಕಾಣದೆ ಹೋಗಬಹುದೆಂದು ತಿಳಿದದ್ದು ಮುಂದಿನ ವಾರ. ಆರೇಳು ವರ್ಷದ ಹುಡುಗ, ನಾಲ್ಕೂವರೆ ಅಡಿ ನೀರು. ನಾನು ಹತ್ತು ಮಾರು ದೂರದಲ್ಲಿ ನಿಂತು ಅವನನ್ನೇ ನೋಡುತ್ತಿದ್ದೆ. ತಲೆ ಹಿಂದಕ್ಕೆ ವಾಲಿತ್ತು, ಬಾಯಿ ನೀರಿನ ಮಟ್ಟಕ್ಕೆ ಬರುವುದು, ಮುಳುಗುವುದು. ಕೈಗಳೆರಡೂ ಪಕ್ಕದಲ್ಲಿ ನೀರನ್ನು ಕೆಳಕ್ಕೆ ಒತ್ತುತ್ತಿದ್ದವು, ಕಾಣದ ಏಣಿ ಹತ್ತುವವನ ಹಾಗೆ. ಆಡುತ್ತಿದ್ದಾನೆ ಅಂದುಕೊಂಡೆ. ಕೂಗಲಿಲ್ಲ, ಕೈ ಬೀಸಲಿಲ್ಲ. ಅವನಿಂದ ಎರಡು ಮೊಳ ದೂರದಲ್ಲಿ ಬೇರೆ ಮಕ್ಕಳು ನೀರೆರಚಿಕೊಂಡು ನಗುತ್ತಿದ್ದರು. ನನ್ನ ಪಕ್ಕದಿಂದ ಏನೋ ಧಡಕ್ಕನೆ ನೀರಿಗೆ ಬಿತ್ತು. ಬೀಡಿಕಟ್ಟಿನ ಸಮೇತ ಮೇಸ್ತ್ರಿ.

ಹುಡುಗ ದಂಡೆಯ ಮೇಲೆ ಕೆಮ್ಮಿ, ವಾಂತಿ ಮಾಡಿ, ಆಮೇಲೆ ಅತ್ತ. ಕಾಲು ಹಿಡಿದು ತಲೆಕೆಳಗು ಮಾಡಿ ತಿರುಗಿಸಿ ಎಂದು ಸೇರಿದವರು ಕೂಗುತ್ತಿದ್ದರು. ಉಸಿರಾಡುತ್ತಿದ್ದವನನ್ನು ಮೇಸ್ತ್ರಿ ಪಕ್ಕಕ್ಕೆ ವಾಲಿಸಿ ಮಲಗಿಸಿದರು, ಯಾರನ್ನೂ ಮುಟ್ಟಗೊಡಲಿಲ್ಲ. “ಕೂಗಲೇ ಇಲ್ಲವಲ್ಲ ಮೇಸ್ತ್ರಿ” ಎಂದೆ. “ಉಸಿರಿಗೇ ಗತಿ ಇಲ್ಲ, ಕೂಗೋಕೆ ಎಲ್ಲಿಂದ ತರ್ತಾನೆ?” ಎಷ್ಟೋ ವರ್ಷದ ಮೇಲೆ ಫ್ರಾಂಕ್ ಪಿಯಾ ಎಂಬಾತನ ಬರಹ ಓದಿದೆ. ನ್ಯೂಯಾರ್ಕಿನ ಆರ್ಚರ್ಡ್ ಬೀಚಿನಲ್ಲಿ ಜೀವರಕ್ಷಕನಾಗಿದ್ದವನು, ಮುಳುಗುವವರನ್ನು ಚಿತ್ರೀಕರಿಸಿ ಅಭ್ಯಾಸ ಮಾಡಿದವನು. ಮುಳುಗುವವರು ಸಿನಿಮಾದಲ್ಲಿ ತೋರಿಸುವ ಹಾಗೆ ಬೊಬ್ಬೆ ಹೊಡೆಯುವುದಿಲ್ಲ, ನೆಟ್ಟಗೆ ನಿಂತ ಹಾಗೇ ಸದ್ದಿಲ್ಲದೆ ಹೋಗುತ್ತಾರೆ, ಅದಕ್ಕೆ 20ರಿಂದ 60 ಸೆಕೆಂಡು ಸಾಕು ಎಂದು ಅವನು ತೋರಿಸಿಕೊಟ್ಟ. ಕಪಿಲೆಯ ದಂಡೆಯವರಿಗೆ ಅದು ಮೊದಲೇ ತಿಳಿದಿತ್ತು.

ಆಮೇಲೆ ನಾನು ಕೊಳ ಬಿಟ್ಟೆ, ಕೆಮಿಸ್ಟ್ರಿಯನ್ನು ಬಿಡಲಿಲ್ಲ; ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತನಾಗುವ ಹೊತ್ತಿಗೆ ಬಂದಿದ್ದೇನೆ. 2016ರ ಆಗಸ್ಟಿನಲ್ಲಿ ರಿಯೋ ಒಲಿಂಪಿಕ್ಸಿನ ಡೈವಿಂಗ್ ಕೊಳ ರಾತ್ರೋರಾತ್ರಿ ಹಸಿರಾದದ್ದನ್ನು ಟಿವಿಯಲ್ಲಿ ನೋಡಿದಾಗ ಮೇಸ್ತ್ರಿಯ ನೆನಪಾಗಿ ನಗು ಬಂತು. ಯಾರೋ ಎಂಬತ್ತು ಲೀಟರ್ ಹೈಡ್ರೋಜನ್ ಪೆರಾಕ್ಸೈಡ್ ಸುರಿದಿದ್ದರಂತೆ. ಅದು ಕ್ಲೋರಿನ್ನನ್ನೇ ಕೊಂದು ಪಾಚಿಗೆ ದಾರಿ ಮಾಡಿತು. ಹೇಳಿ ನಗಲು ಮೇಸ್ತ್ರಿ ಆಗ ಇರಲಿಲ್ಲ.

ಈಗ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲೂ ಒಂದು ಕೊಳವಿದೆ. ಗುತ್ತಿಗೆಯ ಹುಡುಗನೊಬ್ಬ ವಾರಕ್ಕೆ ಮೂರು ದಿನ ಬಂದು ತೇಲುವ ಡಬ್ಬಿಯಲ್ಲಿ ಕ್ಲೋರಿನ್ ಮಾತ್ರೆ ಬಿಟ್ಟು, ಬಣ್ಣದ ಪಟ್ಟಿಯ ಫೋಟೊ ಗುಂಪಿಗೆ ಹಾಕಿ ಹೋಗುತ್ತಾನೆ. 2024ರ ಮಾರ್ಚಿನಲ್ಲಿ ನಗರಕ್ಕೆ ನೀರಿಲ್ಲದಾಗಿ, ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ ಐದು ಸಾವಿರ ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಆದೇಶ ಸರಿಯಾದದ್ದೇ. ಆದರೆ ನಮ್ಮ ಕೊಳದ ಕತೆ ಬೇರೆ. ಆ ಮಾತ್ರೆಗಳು ಕ್ಲೋರಿನ್ನಿನ ಜೊತೆ ಸಯನೂರಿಕ್ ಆಮ್ಲವನ್ನೂ ನೀರಿಗೆ ಬಿಡುತ್ತವೆ. ಬಿಸಿಲಿನಿಂದ ಕ್ಲೋರಿನ್ನನ್ನು ಕಾಯುವುದು ಅದೇ, ಮಿತಿಮೀರಿದರೆ ಕ್ಲೋರಿನ್ನಿನ ಕೈ ಕಟ್ಟಿಹಾಕುವುದೂ ಅದೇ. ಕ್ಲೋರಿನ್ ಆವಿಯಾದರೂ ಅದು ಹೋಗುವುದಿಲ್ಲ, ಜಮೆಯಾಗುತ್ತಲೇ ಇರುತ್ತದೆ. ಪಟ್ಟಿಯಲ್ಲಿ ಕ್ಲೋರಿನ್ 3 ಎಂದು ತೋರಿಸುತ್ತಿರುವಾಗಲೇ ಗೋಡೆಯಲ್ಲಿ ಪಾಚಿ ಜಾರುತ್ತಿತ್ತು. ಸ್ವಲ್ಪ ಹಳೆಯ ನೀರು ತೆಗೆದು ಹೊಸ ನೀರು ತುಂಬುವುದೊಂದೇ ದಾರಿ, ತುಂಬಲು ನೀರಿಲ್ಲ. ಕಮಿಟಿ ಸಭೆಯಲ್ಲಿ ಕೊಳ ಮುಚ್ಚೋಣ ಎಂದೆ. “ಅಂಕಲ್, ರೀಡಿಂಗ್ ಸರಿಯಾಗಿಯೇ ಇದೆಯಲ್ಲ” ಎಂದರು. ಎರಡು ತಿಂಗಳು ಜಗಳವಾಡಿ ಮುಚ್ಚಿಸಿದೆ. ಅದೇ ವರ್ಷ ಕೇರಳದಲ್ಲಿ ಮೂಗಿನ ಮೂಲಕ ಮಿದುಳಿಗೆ ಹೋಗುವ ಅಮೀಬಾಕ್ಕೆ ಮಕ್ಕಳು ಬಲಿಯಾದ ಸುದ್ದಿ ಬಂದ ಮೇಲೆ, ಜಗಳವಾಡಿದವರೇ ಮನೆಗೆ ಬಂದು ನೀರಿನ ವಿಷಯ ಕೇಳತೊಡಗಿದರು.

ನಮ್ಮ ಕೊಳದ ತಳದಲ್ಲಿ ಎಣಿಸಲು ಕಂಬಿಗಳಿಲ್ಲ. ಚಪ್ಪಟೆ ಜಾಲರಿಯ ಮೇಲೆ ಮಗು ಕೂತರೆ ಪಂಪಿನ ಸೆಳೆತ ಅದನ್ನು ಅಲ್ಲೇ ಹಿಡಿದುಬಿಡುತ್ತದೆ. ಅಮೆರಿಕದಲ್ಲಿ 2002ರಲ್ಲಿ ವರ್ಜಿನಿಯಾ ಗ್ರೇಮ್ ಬೇಕರ್ ಎಂಬ ಏಳು ವರ್ಷದ ಹುಡುಗಿ ಹಾಗೇ ಸತ್ತಳು. ಆ ಬಗ್ಗೆ 2007ರಲ್ಲಿ ಅವಳ ಹೆಸರಿನಲ್ಲೇ ಕಾನೂನು ಬಂತು. ಈಗಿನವು ಗುಮ್ಮಟದ ಹಾಗೆ ಉಬ್ಬಿದ ಪ್ಲಾಸ್ಟಿಕ್ ಮುಚ್ಚಳಗಳು, ಒಂದರ ಬದಲು ಎರಡು. ಹಿತ್ತಾಳೆ ಜಾಲರಿಯ ಹತ್ತಿರ ಮಕ್ಕಳು ಸುಳಿದರೆ ಮೇಸ್ತ್ರಿ ಯಾಕೆ ಗದರುತ್ತಿದ್ದರೆಂದು ಆಗ ತಿಳಿದಿರಲಿಲ್ಲ.

ಕೊಳದ ಗೋಡೆಯ ಮೇಲೆ ಹತ್ತು ನಿಯಮಗಳ ಇಂಗ್ಲಿಷ್ ಬೋರ್ಡು ಇದೆ. ಹನ್ನೊಂದನೆಯದನ್ನು ನಾನೇ ದುಡ್ಡು ಕೊಟ್ಟು ಕನ್ನಡದಲ್ಲಿ ಬರೆಸಿದ್ದೇನೆ: ‘ತಳದ ಮುಚ್ಚಳದ ತೂತುಗಳು ಕಾಣದಿದ್ದರೆ ಇಳಿಯಬೇಡಿ.’ ಅದರ ಕೆಳಗೆ ಗೇಟಿನ ಬೀಗದ ಕೈಗೆಂದು ಒಂದು ಮೊಳೆ ಹೊಡೆದಿದ್ದಾರೆ. ಬೀಗದ ಕೈ ಮಾತ್ರ ಅಲ್ಲಿರುವುದಿಲ್ಲ, ನನ್ನ ಜೇಬಿನಲ್ಲಿರುತ್ತದೆ.